ಮವಾಳರ ಗಿರಣಿ

ಕರೆಂಟು ಬಂದಾಗ ಊರೆಲ್ಲ ಎದ್ದು ಓಡಾಡುತ್ತಿದ್ದ, ಹೋದಾಗ ಊರೆಲ್ಲ ಕೂತು ಮಾತಾಡುತ್ತಿದ್ದ ದಿನಗಳವು. ಎರಡು ಸಾವಿರದ ಇಸವಿಯ ಆಜೂಬಾಜು. ಖಾನಾಪುರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲನ್ನು ಎಷ್ಟು ಗಟ್ಟಿಯಾಗಿ ಮುಚ್ಚಿದರೂ ಹಿಟ್ಟು ಒಳಗೆ ಬರುತ್ತಿತ್ತು. ಅವ್ವ ದೇವರ ಜಗಲಿಯನ್ನು ದಿನಕ್ಕೆರಡು ಸಲ ಒರೆಸುತ್ತಿದ್ದಳು. ನನ್ನ ಶಾಲೆಯ ಪುಸ್ತಕ ತೆರೆದರೆ ಜೋಳದ ವಾಸನೆ ಹೊಡೆಯುತ್ತಿತ್ತು. ನನಗಾಗ ಹತ್ತು ವರ್ಷ.

ಅಪ್ಪ ಒಂದು ಪಕ್ಷದ ತಾಲ್ಲೂಕು ಕಾರ್ಯದರ್ಶಿಯಾಗಿದ್ದ. ಕರೆಂಟು ಹೋಯಿತೆಂದರೆ ಗಿರಣಿಯೇ ಪಕ್ಷದ ಕಚೇರಿ. ಬೆಲ್ಟು ನಿಂತ ಮೇಲೆ ನಾಲ್ಕೈದು ಜನ ಬಂದು ಚೀಲಗಳ ಮೇಲೆ ಕೂರುತ್ತಿದ್ದರು. ಅವ್ವ ಚುರುಮುರಿಗೆ ಶೇಂಗಾ, ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟು ಒಂದೇ ದೊಡ್ಡ ಬುಟ್ಟಿಯಲ್ಲಿ ನಡುವೆ ಇಡುತ್ತಿದ್ದಳು. ವಾದ ಏರಿದಂತೆಲ್ಲ ಚುರುಮುರಿ ಇಳಿಯುತ್ತಿತ್ತು.

ಬಾವುಟ ಒಂದೇ ಆದರೂ ಒಳಗೆ ಎರಡು ಗುಂಪಿದ್ದವು. ನಮ್ಮ ಕಡೆ ಅವನ್ನು ಮರಾಠಿಯಿಂದ ಬಂದ ಎರಡು ಮಾತುಗಳಲ್ಲಿ ಕರೆಯುತ್ತಿದ್ದರು. ಮವಾಳರೆಂದರೆ ಮೆತ್ತಗಿನವರು, ಮನವಿ ಬರೆದುಕೊಂಡು ಹೋಗಿ ತಹಸೀಲ್ದಾರರ ಬಾಗಿಲ ಮುಂದಿನ ಬೆಂಚಿನ ಮೇಲೆ ಕಾಯುವವರು. ಜಹಾಲರೆಂದರೆ ಉರಿಯುವವರು, ಕಾಯುವ ಬದಲು ರಸ್ತೆಗೆ ಟೈರು ಉರುಳಿಸುವವರು. ಅಪ್ಪ ಮವಾಳ. ಅಪ್ಪನ ಜೀವದ ಗೆಳೆಯ ಪರಸು ಕಾಕಾ ಜಹಾಲ. ಇಬ್ಬರೂ ಒಂದೇ ದಿನ ಪಕ್ಷ ಸೇರಿದವರು. ಹರೆಯದಲ್ಲಿ ಒಂದೇ ಸೈಕಲ್ಲಿನಲ್ಲಿ ಹಲಸಿಯವರೆಗೂ ಹೋಗಿ ಗೋಡೆ ಬರೆದು ಬಂದವರು. ತುಳಿಯುವವನು ಕಾಕಾ, ಹಿಂದೆ ಸುಣ್ಣದ ಬಕೀಟು ಹಿಡಿದು ಕೂರುವವನು ಅಪ್ಪ.

ನಾವು ಮಕ್ಕಳು ಹಗ್ಗ ಜಗ್ಗುವಾಗಲೂ ಒಂದು ಕಡೆ ಜಹಾಲ, ಒಂದು ಕಡೆ ಮವಾಳ. ಮವಾಳರಾಗಲು ಯಾರೂ ಒಪ್ಪುತ್ತಿರಲಿಲ್ಲ. ಚಿಕ್ಕವರನ್ನು, ನೆಗಡಿ ಬಂದವರನ್ನು ಆ ಕಡೆ ತಳ್ಳುತ್ತಿದ್ದೆವು. ಒಂದು ದಿನ ತಡೆಯಲಾರದೆ ಅಪ್ಪನನ್ನೇ ಕೇಳಿದೆ.

“ಅಪ್ಪಾ, ನೀ ಯಾಕ ಜಹಾಲ ಆಗಲಿಲ್ಲ?”

ಅಪ್ಪ ಗಿರಣಿಯ ಕಲ್ಲಿನ ತಿರುಪು ಸರಿಮಾಡುತ್ತಿದ್ದ. “ನೋಡವಾ ನೀಲಾ, ಎರಡೂ ಕಲ್ಲು ಒಂದಕ್ಕೊಂದು ತಾಗಿದ್ರ ಬೆಂಕಿ ಬರತೈತಿ, ಹಿಟ್ಟು ಬರಂಗಿಲ್ಲ. ನಡುವ ಒಂದೀಟ ಜಾಗಾ ಬೇಕು.”

ಚೀಲದ ಮೇಲಿಂದ ಪರಸು ಕಾಕಾ ಕೂಗಿದ. “ಭಾಳ ಜಾಗಾ ಬಿಟ್ರ ನುಚ್ಚ ಬರತೈತೋ ಈರಣ್ಣಾ! ಹುಡುಗಿಗೆ ಅದನ್ನೂ ಹೇಳು.”

“ನುಚ್ಚರೆ ಕುದಿಸಿ ಉಣಬಹುದಲೇ ಪರಸ್ಯಾ. ಬೆಂಕಿ ಉಣ್ತೀಯೇನು?”

ಇಬ್ಬರೂ ನಕ್ಕರು. ಅಪ್ಪ ನಕ್ಕರೆ ಹುಬ್ಬಿನ ಮೇಲಿನ ಹಿಟ್ಟು ಉದುರುತ್ತಿತ್ತು.

ಆ ವರ್ಷ ಆಷಾಢದಲ್ಲಿ ಮಳೆ ಹಿಡಿದು ಕೂತಿತು. ಕರೆಂಟು ಮಾತ್ರ ನಿಲ್ಲಲೊಲ್ಲದು. ಗಿರಣಿ ತಿರುಗಲು ಬೇಕಾದಷ್ಟು ಕರೆಂಟು ದಿನಕ್ಕೆ ಒಂದು ತಾಸು ಬಂದರೆ ಪುಣ್ಯ. ಆಮೇಲೆ ಎರಡು ದಿನ ಅದೂ ಬರಲಿಲ್ಲ. ಮನವಿ ಕೊಟ್ಟು ಅಪ್ಪನ ಚಪ್ಪಲಿ ಸವೆದವು. ಕೊನೆಗೆ ಪಕ್ಷದವರು ಊರು ಬಂದ್ ಮಾಡುವುದೆಂದು ನಿಶ್ಚಯಿಸಿದರು. ಅಪ್ಪನೂ ಹೂಂ ಅಂದ. ಅವನ ತಕರಾರು ದಿನದ ಬಗ್ಗೆ.

“ಒಂದ ದಿನ ಮುಂದ ಹಾಕ್ರಪಾ. ಮರುದಿನಾನ ಆಷಾಢ ಏಕಾದಶಿ ಐತಿ. ಹೆಣ್ಮಕ್ಕಳದು ಉಪವಾಸದ ಹಿಟ್ಟು ಬೀಸೂದು ಅವತ್ತ.”

ಇದು ನಮ್ಮ ಗಿರಣಿಯ ರೂಢಿ. ಏಕಾದಶಿಯ ಹಿಂದಿನ ದಿನ ಅಪ್ಪ ಕಲ್ಲುಗಳನ್ನು ಬಿಚ್ಚಿ, ತೆಂಗಿನ ನಾರಿನ ಬ್ರಷ್ಷಿನಿಂದ ಜೋಳ, ಗೋಧಿಯ ಒಂದು ಕಣವೂ ಉಳಿಯದಂತೆ ತಿಕ್ಕುತ್ತಿದ್ದ. ಮೊದಲು ಒಂದು ಹಿಡಿ ವರಿ ಅಕ್ಕಿ ಹಾಕಿ ಬೀಸಿ, ಆ ಹಿಟ್ಟನ್ನು ಗುಬ್ಬಿಗಳಿಗೆ ಚೆಲ್ಲುತ್ತಿದ್ದ. ಆಮೇಲೆ ಸಾಲು. ವರಿ, ರಾಜಗಿರಿ, ಸಾಬೂದಾಣಿ. ಬರುವವರು ಬಹುತೇಕ ಮರಾಠಿ ಮನೆಗಳ ಹೆಣ್ಣುಮಕ್ಕಳು. ಏಕಾದಶಿಗೆ ಜೋಳದ ಕಣ ಬೆರೆತರೂ ಅವರ ಉಪವಾಸ ಮುರಿಯಿತು. ಊರಿನ ಬೇರೆ ಗಿರಣಿಗಳವರು ಇಷ್ಟು ತೊಳೆದು ಬಳಿದು ಮಾಡುತ್ತಿರಲಿಲ್ಲ.

ಚೀಲದ ಮೇಲೆ ಕೂತ ಹೊಸ ಹುಡುಗನೊಬ್ಬ ಅಂದ. “ಅವರೇನ ನಮಗ ವೋಟ ಹಾಕ್ತಾರೇನ್ರಿ?”

“ವೋಟ ಕೇಳಿ ಹಿಟ್ಟ ಬೀಸಂಗಿಲ್ಲಪಾ ನಾ” ಎಂದ ಅಪ್ಪ.

“ಗಿರಣ್ಯಾವ್ರು ಮವಾಳ ಆಗದ ಇನ್ನೇನ ಆಗ್ತಾರ?” ಎಂದು ಆ ಹುಡುಗ ಉಳಿದವರ ಕಡೆ ತಿರುಗಿದ. “ಎಲ್ಲಾರ ಡಬ್ಬೀನೂ ಬೇಕಲ್ಲ!”

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ, ಆದರೆ ಅಪ್ಪನ ಮಾತನ್ನು ಒಪ್ಪಲೂ ಇಲ್ಲ. “ಪಂಚಾಂಗ ನೋಡಿ ಹೋರಾಟ ಮಾಡಾಕ ಬರಂಗಿಲ್ಲೋ ಈರಣ್ಣಾ. ಕರೆಂಟಿನ ದೊಡ್ಡ ಅಧಿಕಾರಿ ಊರಿಗೆ ಬರೂದು ಅವತ್ತ. ಬಂದ್ ಆಗೂದೂ ಅವತ್ತ.”

ಬಂದ್ ದಿನ ಮುಂಜಾನೆ ವಿಚಿತ್ರವಾಯಿತು. ಬಂದ್ ಹೆದರಿಕೆಗೋ ಏನೋ, ಕರೆಂಟು ಬಂದೇಬಿಟ್ಟಿತು. ಹಿಂದಿನ ಓಣಿಯ ಸುಮನ್ ಆಯಿ ಡಬ್ಬಿ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಅವಳ ಹಿಂದೆ ಮತ್ತೆ ಮೂವರು. ಸೆರಗಿನಡಿ ಡಬ್ಬಿ ಮುಚ್ಚಿಕೊಂಡು ನಿಂತರು. ಅಪ್ಪ ಅವರನ್ನು ನೋಡಿದ, ಕೆಳಗಿಳಿಸಿದ ಶಟರನ್ನು ನೋಡಿದ.

“ಬ್ಯಾಡ್ರೀ” ಎಂದಳು ಅವ್ವ. “ನಿಮ್ಮ ಪಕ್ಷದ್ದ ಬಂದ್ ಐತಿ.”

“ಮಳಿ ಸಪ್ಪಳದಾಗ ಮೋಟಾರ ಕೇಳಂಗಿಲ್ಲ. ನಾಕ ಡಬ್ಬಿ. ಅರ್ಧಾ ತಾಸಿನ ಕೆಲಸ” ಎಂದ ಅಪ್ಪ.

ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ನಾನು ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಹಿಡಿದು ನಿಂತೆ. ರಾಜಗಿರಿಯ ಹಿಟ್ಟು ಬೆಚ್ಚಗೆ ಕೈಮೇಲೆ ಬೀಳುತ್ತಿತ್ತು. ಅದರ ವಾಸನೆ ಬೇರೆ, ಹುರಿದ ಎಳ್ಳಿನ ಹತ್ತಿರದ್ದು. ಮೂರನೆಯ ಡಬ್ಬಿ ನಡೆದಾಗ ಬೀದಿಯಲ್ಲಿ ಘೋಷಣೆ ಕೇಳಿತು. ನಡುವೆ ಪರಸು ಕಾಕಾನ ದನಿ. ನನಗೆ ಕುಣಿಯುವಷ್ಟು ಖುಷಿ. ಅಪ್ಪ ಮೋಟಾರಿನ ಗುಂಡಿಗೆ ಕೈ ಹಾಕುವಷ್ಟರಲ್ಲಿ ನಾನು ಹಿತ್ತಲಿನಿಂದ ಓಡಿ, ಸಂದಿ ದಾಟಿ ಮುಂದಿನ ಬೀದಿಗೆ ಬಂದಿದ್ದೆ.

“ಕಾಕಾ!”

ಮೆರವಣಿಗೆ ನಿಂತಿತು. ಕಾಕಾ ನನ್ನ ಕೈ ನೋಡಿದ, ಕೂದಲು ನೋಡಿದ. ಆಗಲೇ ನನಗೆ ತಿಳಿಯಿತು. ಮೊಣಕೈವರೆಗೂ ಹಿಟ್ಟು. ಹೊಸ ಹಿಟ್ಟು.

ಕಾಕಾ ಏನಾದರೂ ಅನ್ನುವ ಮೊದಲೇ ಹುಡುಗರು ಶಟರು ಎತ್ತಿದರು. ಒಳಗೆ ಅಪ್ಪ, ನಾಲ್ಕು ಹೆಂಗಸರು, ಇನ್ನೂ ನಿಧಾನಕ್ಕೆ ತಿರುಗುತ್ತಿದ್ದ ಬೆಲ್ಟು. ಯಾರೋ ಕಾಲಿನಿಂದ ಡಬ್ಬಿಯನ್ನು ಹೊರಳಿಸಿದರು. ಬಿಳಿಯ ಹಿಟ್ಟು ಹೊಸ್ತಿಲು ದಾಟಿ ಮಳೆನೀರಿಗೆ ಇಳಿಯಿತು.

ಸುಮನ್ ಆಯಿ ಸೆರಗು ಸರಿಮಾಡಿಕೊಂಡು ಕಾಕಾನ ಮುಂದೆ ಬಂದು ನಿಂತಳು. “ಪರಸೂ, ತುಝೀ ಆಯಿ ಪಣ ಇಥಂಚ ದಳಾಯಚೀ ರೇ.” ನಿನ್ನ ತಾಯಿಯೂ ಇಲ್ಲೇ ಬೀಸಿಸುತ್ತಿದ್ದಳಪ್ಪಾ, ಅಂತ. ಬೈಯಲಿಲ್ಲ, ನೆನಪು ಮಾಡಿಕೊಟ್ಟಳು ಅಷ್ಟೇ.

ಕಾಕಾ ಡಬ್ಬಿ ಒದೆಯಲಿಲ್ಲ. ಒದೆಯುವವರನ್ನು ತಡೆಯಲೂ ಇಲ್ಲ. “ನಡೀರಿ ಮುಂದ” ಎಂದು ಮೆರವಣಿಗೆಯನ್ನು ಎಬ್ಬಿಸಿಕೊಂಡು ಹೋದ.

ಎಂಟು ದಿನ ಬಿಟ್ಟು ಬೆಳಗಾವಿಯಿಂದ ಕರೆ ಬಂತು. ಟಿಳಕವಾಡಿಯಲ್ಲಿ ಪಕ್ಷದ ವಕೀಲರೊಬ್ಬರ ಮನೆಯಲ್ಲಿ ಬೈಠಕ್. ಅವ್ವ ನನಗೆ ಶಾಲೆ ಬಿಡಿಸಿ, ಎರಡು ಜಡೆ ಹಾಕಿ ಅಪ್ಪನ ಜೊತೆ ಕಳಿಸಿದಳು. “ಕೂಸು ಬಾಜೂಕ ಇದ್ರ ಮಂದಿ ಭಾಳ ಬೈಯಂಗಿಲ್ಲ” ಎಂದಳು.

ಕೆಂಪು ಬಸ್ಸಿನಲ್ಲಿ ಅಪ್ಪ ಕಿಟಕಿಯ ಸೀಟನ್ನು ನನಗೆ ಕೊಟ್ಟ. ಅವನ ಕಿಸೆಯಲ್ಲಿ ನಾಲ್ಕು ಸಲ ಬರೆದು ಹರಿದು ಐದನೇ ಸಲ ಬರೆದ ಒಂದು ಕಾಗದವಿತ್ತು. ವಕೀಲರ ಮನೆಯಲ್ಲಿ ಗೋಡೆ ತುಂಬ ಪುಸ್ತಕ. ನನ್ನನ್ನು ಪಡಸಾಲೆಯ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಎರಡು ಗ್ಲುಕೋಸ್ ಬಿಸ್ಕೀಟು ಕೊಟ್ಟರು. ಪರಸು ಕಾಕಾ ಆಗಲೇ ಬಂದು ಎದುರು ಕೂತಿದ್ದ. ನನ್ನನ್ನು ನೋಡಿ ನಗಬೇಕೋ ಬೇಡವೋ ಎಂಬಂತೆ ಮೀಸೆ ತೀಡಿಕೊಂಡ.

ಜಿಲ್ಲಾ ಅಧ್ಯಕ್ಷರು ಅಪ್ಪನ ಕಾಗದವನ್ನು ಓದಿ ಕೆಳಗಿಟ್ಟರು. “ಬಂದ್ ಮುರದದ್ದು ತಪ್ಪು ಅಂತ ಬರದೀರಿ. ಗಿರಣಿ ಚಾಲೂ ಮಾಡಿದ್ದು ತಪ್ಪು ಅಂತ ಎಲ್ಲೈತಿ?”

“ಪಕ್ಷದ ಮಾತ ಮೀರಿದೆ, ಅದು ತಪ್ಪರಿ. ಬೇಕಾದ್ರ ಇನ್ನೊಮ್ಮೆ ಬರೀತೇನಿ” ಎಂದ ಅಪ್ಪ ನಿಂತುಕೊಂಡೇ. “ಹಿಟ್ಟ ಬೀಸಿದ್ದು ತಪ್ಪು ಅಂತ ಮಾತ್ರ ಬರಿಯಂಗಿಲ್ಲರಿ.”

“ಎರಡೂ ಒಂದ ಅಲ್ಲೇನ್ರಿ?”

“ನಮ್ಮ ಊರಾಗ ಬ್ಯಾರೆ ಬ್ಯಾರೆರಿ.”

ಅಧ್ಯಕ್ಷರು ಕಾಕಾನ ಕಡೆ ತಿರುಗಿದರು. “ನೀವು ಅದ ಊರಾವ್ರು. ಇವರನ್ನ ಇಪ್ಪತ್ತು ವರ್ಷದಿಂದ ಬಲ್ಲಿರಿ. ನೀವ ಹೇಳ್ರಿ.”

ನಾನು ಬಿಸ್ಕೀಟು ಕಡಿಯುವುದನ್ನು ನಿಲ್ಲಿಸಿದೆ. ಕಾಕಾ ಒಂದು ಮಾತು ಹೇಳಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಅವನು ಗೆಳೆಯನ ಮುಖವನ್ನೇ ನೋಡುತ್ತಿದ್ದ.

ಕಾಕಾ ಗೋಡೆಯ ಪುಸ್ತಕಗಳನ್ನು ನೋಡುತ್ತ ಅಂದ. “ಈರಣ್ಣ ಮೊದಲಿಂದಾನೂ ಮವಾಳ ಅದಾನ್ರಿ.”

ಗಿರಣಿಯಲ್ಲಿ ಆ ಮಾತನ್ನು ಅವನು ಎಷ್ಟು ಸಲ ಅಂದಿದ್ದನೋ. ಅಲ್ಲಿ ಅದೊಂದು ಅಡ್ಡಹೆಸರು, ಬೆನ್ನಿಗೆ ಕೊಟ್ಟ ಗುದ್ದು. ಇಲ್ಲಿ ಅದೇ ಮಾತನ್ನು ಯಾರೋ ಒಂದು ವಹಿಯಲ್ಲಿ ಬರೆದುಕೊಂಡರು. ಅಪ್ಪ ಕೂಡಲಿಲ್ಲ. ಕೈ ಮುಗಿದು, “ನಡಿಯವಾ” ಎಂದು ನನ್ನನ್ನು ಎಬ್ಬಿಸಿದ.

ಚಪ್ಪಲಿ ಮೆಟ್ಟುವಾಗ ವಕೀಲರು ಹಿಂದೆ ಬಂದು ಅಪ್ಪನ ಭುಜ ತಟ್ಟಿದರು. ಪಕ್ಷದಲ್ಲಿ ಅವರಿಗೆ ಉದಾರವಾದಿ ಎಂದು ಹೆಸರು. ಬೈಠಕ್ಕಿನಲ್ಲಿ ತುಟಿ ಬಿಚ್ಚದಿದ್ದವರು ದನಿ ತಗ್ಗಿಸಿ, “ತತ್ವದ ಪ್ರಕಾರ ನೀವು ಮಾಡಿದ್ದು ಸರಿ ಅದ ಈರಣ್ಣ. ವೇಳ್ಯಾ ಸರಿ ಇರಲಿಲ್ಲ” ಎಂದರು.

ಮನೆಗೆ ಬಂದ ಮೇಲೆ ಅವ್ವ ಕೇಳಿದಳು. “ಉದಾರವಾದಿ ಅಂದ್ರ ಏನ್ರಿ?”

“ಒಳಗ ಕುಂತಾಗ ಸುಮ್ನಿದ್ದು, ಹೊರಗ ಬಂದ ಮ್ಯಾಲ ಬೆನ್ನ ಚಪ್ಪರಸಾಂವ” ಎಂದ ಅಪ್ಪ. ಯಾರ ಬಗ್ಗೆಯಾದರೂ ಅವನು ಕಹಿಯಾಗಿ ಆಡಿದ್ದು ನಾನು ಕೇಳಿದ್ದು ಅದೊಂದೇ. ಕಾಕಾನ ಬಗ್ಗೆ ಅಷ್ಟೂ ಆಡಲಿಲ್ಲ.

ಅಪ್ಪನ ಕಾರ್ಯದರ್ಶಿ ಹುದ್ದೆ ಹೋಯಿತು. ಆಮೇಲೆ ಚೀಲಗಳ ಮೇಲೆ ಯಾರೂ ಬಂದು ಕೂರಲಿಲ್ಲ. ಪರಸು ಕಾಕಾ ಆ ದಾರಿಯಲ್ಲೇ ಹಾಯುವುದನ್ನು ಬಿಟ್ಟ. ಭಾನುವಾರದ ಸಂತೆಯಲ್ಲಿ ಒಬ್ಬ ಕಾಯಿಪಲ್ಯೆ ಕೊಳ್ಳುತ್ತಿದ್ದರೆ ಇನ್ನೊಬ್ಬ ಎರಡು ಅಂಗಡಿ ಆಚೆ ನಿಂತು ಅವನು ಹೋಗಲಿ ಎಂದು ಕಾಯುತ್ತಿದ್ದ. ಎರಡು ಓಣಿಯ ಅಂತರದಲ್ಲಿ ಹನ್ನೊಂದು ವರ್ಷ ಹಾಗೆ ಬದುಕಿದರು. ಅವತ್ತು ಬೀದಿಗೆ ಓಡಿದವಳು ನಾನು ಎಂಬುದನ್ನು ಅಪ್ಪ ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ಅತ್ತು ಹಗುರಾಗುತ್ತಿದ್ದೆ.

ಅಪ್ಪನನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದಾಗ ಒಂದು ಮಧ್ಯಾಹ್ನ ನಾನು ಚಹಾ ತರಲು ಹೊರಗೆ ಬಂದೆ. ಹೊರಗಿನ ಬೆಂಚಿನ ಮೇಲೆ ಪರಸು ಕಾಕಾ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಾವಾಗ ಬಂದಿದ್ದನೋ.

“ಒಳಗ ಬರ್ರಿ ಕಾಕಾ.”

“ಬ್ಯಾಡವಾ. ಹೆಂಗದಾನ?”

ಹೇಳಿದೆ. ಕಾಕಾ ಮೀಸೆ ತೀಡಿಕೊಂಡ. ಆಮೇಲೆ ಬೇರೆ ಯಾರದೋ ಸುದ್ದಿ ಹೇಳುವವನಂತೆ ಅಂದ. “ಪಕ್ಷದಾಗ ಈಗ ಹೊಸಾ ಹುಡುಗೂರು ಬಂದಾರ. ನಾ ಮಾತಾಡಾಕ ಎದ್ದು ನಿಂತ್ರ, ಕುಂದರ್ರೀ ಮವಾಳ ಅಂತಾರ. ನನಗ! ನಿಮ್ಮಪ್ಪಗ ಹೇಳಬ್ಯಾಡ ಮತ್ತ. ನಗ್ತಾನ.”

ಒಳಗೆ ಹೋದಾಗ ಅಪ್ಪ ಕಣ್ಣು ತೆರೆದು, “ಹೊರಗ ಯಾರದೋ ದನಿ ಕೇಳಿದಂಗಾತು?” ಎಂದ.

“ಯಾರೂ ಇಲ್ಲಪಾ” ಎಂದೆ.

ಮೂರನೆಯ ದಿನ ಅಪ್ಪ ಹೋದ. ಈಗ ಖಾನಾಪುರದಲ್ಲಿ ಕರೆಂಟು ಹೋಗುವುದು ಅಪರೂಪ. ಹಿಟ್ಟು ಪಾಕೀಟಿನಲ್ಲಿ ಬರುತ್ತದೆ, ಉಪವಾಸದ ಹಿಟ್ಟು ಕೂಡ. ಪಕ್ಷಗಳಲ್ಲಿ ಮವಾಳರೂ ಜಹಾಲರೂ ಈಗಲೂ ಇದ್ದಾರೆ, ಬೇರೆ ಬೇರೆ ಜಾಗಗಳಲ್ಲಿ ಕೂರುತ್ತಾರಂತೆ. ಅದ್ಯಾವುದಕ್ಕೂ ನಾನು ಹೆಚ್ಚು ಮರುಗುವುದಿಲ್ಲ. ಒಂದು ದಿನ ಬೀದಿಗೆ ಓಡಿ, ಕೈಮೇಲಿನ ಹಿಟ್ಟಿನಿಂದಲೇ ಹೇಳಬಾರದ್ದನ್ನು ಹೇಳಿಬಿಟ್ಟವಳು ನಾನು. ಇನ್ನೊಂದು ದಿನ ಹೇಳಲೇಬೇಕಿದ್ದುದನ್ನು ನುಂಗಿಕೊಂಡವಳೂ ನಾನೇ. ಹೇಳಿದ್ದರೆ ಅಪ್ಪ ನಗುತ್ತಿದ್ದ. ಕಾಕಾ ಹೊರಗೆ ಬೆಂಚಿನ ಮೇಲೆ ಆ ನಗು ಕೇಳಿಸಿಕೊಳ್ಳುತ್ತಿದ್ದ. ಕೇಳಿದ ಮೇಲೆ ಒಳಗೆ ಬಾರದೆ ಇರುತ್ತಿದ್ದನೇ?