ಅಪ್ಪ ಕೈ ಎತ್ತಿ ನಿಂತಾಗ

ಹೋದ ವರ್ಷ ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನ ವಿಜಯನಗರದ ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ, ಟಿಟಿ ಗಾಡಿ ಮಾಡಿಕೊಂಡು ಕೆಜಿಎಫ್ ನೋಡಲು ಹೊರಟೆವು. ನಾನು ಹುಟ್ಟಿ ಬೆಳೆದ ಊರು ಅದು. "ನಮ್ಮಪ್ಪ ಇಪ್ಪತ್ತು ವರ್ಷ ಗಣಿಯೊಳಗೆ ದುಡಿದವರು, ಅವರೇ ಎಲ್ಲಾ ತೋರಿಸ್ತಾರೆ" ಎಂದು ಜಂಬ ಕೊಚ್ಚಿಕೊಂಡವಳೂ ನಾನೇ. ಗಣಿ ಮುಚ್ಚಿದ ಮೇಲೆ ಬೆಂಗಳೂರಿಗೆ ಬಂದ ಅಪ್ಪ ಈಗ ನಮ್ಮ ಜೊತೆಗಿದ್ದಾರೆ. "ನೀವು ಹೋಗ್ಬನ್ನಿ. ಅಲ್ಲೇನಿದೆ ನೋಡೋಕೆ?" ಅಂದರು. ನಾನು ಬಿಡಲಿಲ್ಲ.

ಕೋಟಿಲಿಂಗದ ದೇವಸ್ಥಾನ ಮುಗಿಸಿಕೊಂಡು ಸೈನೈಡ್ ದಿಬ್ಬಕ್ಕೆ ಬಂದೆವು. ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡ ಅದು. ನಾನು ಚಿಕ್ಕವಳಿದ್ದಾಗ ಗಾಳಿ ಬೀಸಿದರೆ ಅದರ ಧೂಳು ಅನ್ನದ ತಟ್ಟೆಗೇ ಬಂದು ಬೀಳುತ್ತಿತ್ತು. ಪಕ್ಕದ ಮನೆಯ ಶೋಭಾಗೆ ಅದು "ಸೂಪರ್ ಲೊಕೇಶನ್". ನಾನೂ ಹಲ್ಲು ಕಿರಿದು ಫೋಟೊಗೆ ನಿಂತೆ.

ಆಮೇಲೆ ಅಪ್ಪ ಕೆಲಸ ಮಾಡುತ್ತಿದ್ದ ಗಣಿಯ ಕಡೆ ಹೊರಟೆವು. ದಾರಿಯಲ್ಲಿ ಹಳೇ ಬೇಕರಿಯ ತಿರುವು ಸಿಕ್ಕಿತು. ಅಪ್ಪನ ಶಿಫ್ಟ್ ಬಿಡುವ ಹೊತ್ತಿಗೆ ನಾನು ಅಲ್ಲೇ ನಿಂತು ಕಾಯಬೇಕಿತ್ತು. ಒಂದು ದಿನ ತಡೆಯಲಾರದೆ ಗೇಟಿನ ಕಡೆ ಓಡಿದ್ದಕ್ಕೆ ಬೆನ್ನಿಗೆ ಬಾರಿಸಿದ್ದರು. ಅವರು ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಆ ಸಿಟ್ಟು ನನಗೆ ಪೂರ್ತಿ ಹೋಗಿರಲಿಲ್ಲ.

ಗೇಟು ತುಕ್ಕು ಹಿಡಿದಿತ್ತು. ಅಪ್ಪ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು. ಒಳಗಿನಿಂದ ಕಾವಲಿನವನು ಕೂಗಿದ: "ಏಯ್, ಯಾರದು? ಅಲ್ಲೇ ನಿಂತ್ಕೊಳ್ಳಿ!"

ಅಪ್ಪ ಗಕ್ಕನೆ ನಿಂತರು. ಚಪ್ಪಲಿ ಕಳಚಿದರು. ಕಾಲು ಅಗಲಿಸಿ, ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು ನಿಂತರು. ಕಾವಲಿನವನೇ ತಬ್ಬಿಬ್ಬಾದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಅಂಕಲ್, ಸೂಪರ್ ಆಕ್ಟಿಂಗ್! ಇನ್ನೊಂದ್ಸಲ ಮಾಡಿ, ವೀಡಿಯೊ ಮಾಡ್ಕೋತೀನಿ" ಎಂದು ಶೋಭಾ ಫೋನ್ ಹಿಡಿದಳು.

ಅಪ್ಪ ಕೈ ಇಳಿಸಿ ನನ್ನ ಮುಖ ನೋಡಿದರು.

"ಮಾಡಪ್ಪ, ಪ್ಲೀಸ್" ಅಂದೆ.

ಮಾಡಿದರು.

ವಾಪಸ್ ಬರುವಾಗ ಗಾಡಿಯಲ್ಲಿ ಅಂತ್ಯಾಕ್ಷರಿ ನಡೆದಿತ್ತು. ಅಪ್ಪ ಕಿಟಕಿಯ ಕಡೆ ನೋಡುತ್ತಲೇ ನನಗೆ ಮಾತ್ರ ಕೇಳುವಂತೆ ಹೇಳಿದರು.

"ಶಿಫ್ಟ್ ಬಿಟ್ಟಾಗ ದಿನಾ ಗೇಟಲ್ಲಿ ಹಂಗೇ ನಿಲ್ಲಿಸಿ ಮೈಯೆಲ್ಲ ಹುಡುಕೋರು ಕಣಮ್ಮ, ಚಿನ್ನ ಕದ್ದಿದೀವಾ ಅಂತ. ಬಾಯೊಳಗೂ ನೋಡೋರು. ಇವತ್ತು ಅವನು ಕೂಗಿದ ತಕ್ಷಣ ಕೈ ತಾನಾಗೇ ಮೇಲೆ ಹೋಯ್ತು." ಆಮೇಲೆ, "ಅದನ್ನ ನೀನು ನೋಡಬಾರದು ಅಂತಾನೇ ಬೇಕರಿ ಹತ್ರ ನಿಲ್ಲಿಸ್ತಿದ್ದೆ" ಅಂದರು.

ಅಷ್ಟು ವರ್ಷ ಅವರು ನನ್ನಿಂದ ಬಚ್ಚಿಟ್ಟ ಅವಮಾನವನ್ನು ನೋಡಿ ನಗಲು ನಾನೇ ಜನರನ್ನು ಕರೆದುಕೊಂಡು ಹೋಗಿದ್ದೆ.

ವೀಡಿಯೊ ತೆಗೆದುಹಾಕು ಎಂದು ಶೋಭಾಳನ್ನು ಕೇಳಿಕೊಂಡೆ. "ನನ್ನ ಫೋನಲ್ಲಿ ಡಿಲೀಟ್ ಮಾಡ್ದೆ ಕಣೇ, ಆದ್ರೆ ಎಲ್ಲರಿಗೂ ಆಗಲೇ ಕಳಿಸ್ಬಿಟ್ಟಿದೀನಲ್ಲ" ಅಂದಳು. ಈಗಲೂ ಬೀದಿಯಲ್ಲಿ ಯಾರಾದರೂ ಅದನ್ನು ಹಾಕಿಕೊಂಡು ನಗುತ್ತಾರೆ. ಅದರಲ್ಲಿ ನಾನು ಕಾಣುವುದಿಲ್ಲ. ಅಪ್ಪ ಕೈ ಎತ್ತುವ ಮೊದಲು ನನ್ನ ದನಿ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ: "ಮಾಡಪ್ಪ, ಪ್ಲೀಸ್."