ಹೊಸ್ತಿಲೊಡೆಯ ಯಾವ ಊರಿನ ದೇವರು?

ಅವ್ವ ಹಾಸಿಗೆ ಹಿಡಿಯುವ ಹಿಂದಿನ ದಿನ ನಮ್ಮ ಮನೆಯಲ್ಲಿ ಒಬ್ಬ ದೇವರ ಊರು ಹುಡುಕುವ ಕೆಲಸ ನಡೆದಿತ್ತು. 1948ರ ಬೇಸಿಗೆ, ಆಳಂದದ ಒಂದು ಮಧ್ಯಾಹ್ನ. ಪಡಸಾಲೆಯಲ್ಲಿ ಅಪ್ಪ, ಅಫಜಲಪುರದ ಸಂಗೀತ ಮಾಸ್ತರು, ಜೇವರ್ಗಿ ಕಡೆಯ ಒಬ್ಬ ಗೌಡರು ಕೂತಿದ್ದರು. ಗೌಡರಿಗೆ ಹಾಡಲು ಬರುತ್ತಿರಲಿಲ್ಲ. ಆದ್ದರಿಂದ ಸಂಗೀತದಲ್ಲಿ ಅವರ ಮಾತೇ ಕೊನೆಯ ಮಾತು. ಅವ್ವ ಅಡುಗೆಮನೆಯ ಹೊಸ್ತಿಲ ಒಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ನನಗೆ ಹದಿನಾಲ್ಕು ವರ್ಷ. ಚಹಾ ಕೊಡುವುದು ನನ್ನ ಪಾಲು.

ಮಾಸ್ತರು ಭೀಮಪಲಾಸದಲ್ಲಿ ಒಂದು ಚೀಜು ಎತ್ತಿಕೊಂಡರು. ರಾಗದಲ್ಲಿ ಕಟ್ಟಿದ ಹಾಡಿಗೆ ಗವಾಯಿಗಳು ಚೀಜು ಎನ್ನುತ್ತಾರೆ. ಮೊದಲರ್ಧ ಸ್ಥಾಯಿ, ಉಳಿದರ್ಧ ಅಂತರಾ. "ಬಂದವರೆಲ್ಲ ಬಾಗಿಲ ಕಂಡರು, ಹಿಂದಿದ್ದವಳ ಕಾಣಲಿಲ್ಲ, ಹೊಸ್ತಿಲೊಡೆಯಾ" ಎಂದು ಸ್ಥಾಯಿ ಮುಗಿಯಿತು. ಗೌಡರು ಕೈ ಎತ್ತಿದರು.

"ತಡೀರಿ ಮಾಸ್ತರ. ಯಾರ ಅಂಕಿತರಿ ಇದು?"

"ಭಾಳ ಹಳೇದರಿ. ಅಂಕಿತ ಕಡೀಕ ಬರೋದು ಪದ್ಧತಿ. ಇದರಾಗ ಮೊದಲೇ ಬಂದದ. ಅಂದ್ರ ಪದ್ಧತಿಗಿಂತ ಹಳೇದು."

"ನೆಲೋಗಿ ಕಡೆ ಹೊಸ್ತಿಲೇಶ್ವರ ಅಂತ ಒಂದು ಗುಡಿ ಅದರಿ. ಅಲ್ಲೀ ಶರಣರದೇ ಇದು, ಪಕ್ಕಾ."

"ಆ ಗುಡಿ ನೋಡೀರೇನ್ರಿ?" ಎಂದ ಅಪ್ಪ.

"ಪಾಳು ಬಿದ್ದದರೀ! ನೋಡಾಕ ಏನ್ ಉಳದದ?"

ಗುಡಿಯ ಮಾತು ಅಲ್ಲಿಗೆ ಇತ್ಯರ್ಥವಾಯಿತು. ಬಳಿಕ 'ಹಿಂದಿದ್ದವಳು' ಯಾರು ಎಂಬ ಪ್ರಶ್ನೆ ಬಂತು. ಗೌಡರು ಜೀವಾತ್ಮ ಎಂದರು, ಅಪ್ಪ ಮಾಯೆ ಎಂದ. ಚರ್ಚೆ ಕಾವೇರಿತು, ಚಹಾ ಆರಿತು, ಅಂತರಾ ಯಾರಿಗೂ ನೆನಪಾಗಲಿಲ್ಲ.

ಒಳಗೆ ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

"ಯಾಕ ನಗ್ತೀ ಅವ್ವಾ?"

ಅವಳು ಮೊರದ ಅಂಚಿನಿಂದ ಹೊಸ್ತಿಲು ತಟ್ಟಿದಳು. "ಇದೇ ನೋಡ್ ಬೇ ಅವರ ನೆಲೋಗಿ ಗುಡಿ."

ನನಗೆ ತಿಳಿಯಲಿಲ್ಲ. ಅವಳೇ ಹೇಳಿದಳು: "ಹ್ವಾದ ವರ್ಷ ಮಾಸ್ತರು ನಿಮ್ಮಪ್ಪಗ ಪಾಠ ಹೇಳ್ತಿದ್ರಲ್ಲ. ಹೊರಗ ಅವರಿಗೆ ಹತ್ತಲಿಲ್ಲ, ಒಳಗ ನನಗ ಹತ್ತಿತು. ರೊಟ್ಟಿ ಬಡೀತಾ ಬಡೀತಾ ಇದನ್ನ ಕಟ್ಟೀನಿ. ಗುನುಗೋದು ಮಾಸ್ತರ ಕಿವಿಗೆ ಬಿದ್ದದ. ಪಾಪ, ಎಲ್ಲಿ ಕೇಳೀನಿ ಅನ್ನೋದು ಮರ್ತಾರ."

"ಹೋಗಿ ಹೇಳು ಮತ್ತ!"

"ಹೇಳಿದ್ರ ಹಾಡೋದೇ ಬಿಡ್ತಾರ. ಹಾಡಲಿ ಬಿಡು. ನೀ ಇಲ್ಲಿ ಕೂಡು. ಅಂತರಾ ಮಾಸ್ತರಿಗೂ ಗೊತ್ತಿಲ್ಲ, ನಿನಗ ಕಲಸ್ತೇನಿ."

ಹೊರಗೆ ಗೌಡರು ಮಾಯೆಯನ್ನು ಸೋಲಿಸುವ ಹಂತಕ್ಕೆ ಬಂದಿದ್ದರು. ನನಗೆ ಆ ತಮಾಷೆ ಬೇಕಾಗಿತ್ತು. "ನಾಳಿ ಕಲೀತೇನಿ" ಎಂದು ಚಹಾದ ತಟ್ಟೆ ಹಿಡಿದು ಹೊರಗೆ ಹೋದೆ.

ಮರುದಿನ ಅವ್ವನಿಗೆ ಜ್ವರ ಬಂತು. ಅದು ಗಲಾಟೆಯ ವರ್ಷ. ಬಸ್ಸು ಒಂದು ದಿನ ಬಂದರೆ ನಾಲ್ಕು ದಿನ ಬರುತ್ತಿರಲಿಲ್ಲ. ಗುಲಬರ್ಗಾದ ಡಾಕ್ಟರರ ತನಕ ಅವಳನ್ನು ಒಯ್ಯಲಾಗಲಿಲ್ಲ. ಎರಡನೇ ದಿನಕ್ಕೆ ಮಾತು ನಿಂತಿತು. ಐದನೇ ದಿನ ಅವ್ವ ಹೋದಳು.

ನಮ್ಮನ್ನು ಮಾತಾಡಿಸಲು ಮಾಸ್ತರು, ಗೌಡರು ಇಬ್ಬರೂ ಬಂದರು. ದುಃಖದ ಮನೆಯಲ್ಲಿ ಏನು ಮಾಡಬೇಕೆಂದು ತೋಚದೆ ಮಾಸ್ತರು ಅದೇ ಸ್ಥಾಯಿಯನ್ನು ಮೆಲ್ಲಗೆ ಹಾಡಿದರು. ನಾನು ಮೊದಲ ಸಲ ಹಿರಿಯರ ನಡುವೆ ಬಾಯಿ ಬಿಟ್ಟೆ.

"ಇದು ನಮ್ಮವ್ವನದರಿ."

"ಹೌದವ್ವಾ," ಎಂದರು ಮಾಸ್ತರು ಕಣ್ಣೊರೆಸಿಕೊಂಡು. "ಆಕೀಗೆ ಇದು ಭಾಳ ಸೇರ್ತಿತ್ತು."

"ಸೇರ್ತಿತ್ತು ಅಲ್ರೀ. ಆಕೀನೇ ಕಟ್ಟ್ಯಾಳ."

ಗೌಡರು ಮರುಕದಿಂದ ನನ್ನನ್ನು ನೋಡಿದರು. "ಹೆಂಗಸರು ಬುತ್ತಿ ಕಟ್ತಾರ. ಚೀಜು ಕಟ್ತಾರೇನ್ ಬೇ?"

ಅಪ್ಪ ನೆಲ ನೋಡುತ್ತಿದ್ದ. ಮಾಸ್ತರು ಮಾತ್ರ ಅಡುಗೆಮನೆಯ ಹೊಸ್ತಿಲ ಕಡೆ ತಿರುಗಿ ನೋಡಿದರು. ಏನೋ ನೆನಪಾದಂತಿತ್ತು. ಆಮೇಲೆ ಕೇಳಿದರು: "ಆಕೀದಾದ್ರ ಅಂತರಾ ನಿನಗ ಗೊತ್ತಿರಬೇಕು. ಹಾಡವ್ವಾ, ನಾ ಒಪ್ತೇನಿ."

ಕೇಳಿದ್ದು ನ್ಯಾಯವಾಗಿಯೇ ಇತ್ತು. ಹಾಡಲು ನನ್ನಲ್ಲಿ ಏನೂ ಇರಲಿಲ್ಲ. ಗೌಡರು ತಲೆಯಾಡಿಸಿ, ನೆಲೋಗಿಯ ಗುಡಿಯ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸಿದರು.

ಅಂದಿನಿಂದ ಯಾರ ಮನೆಯಲ್ಲಿ ಒಳ್ಳೆಯ ಹಾಡು ಕೇಳಿದರೂ ಮೊದಲು ಆ ಮನೆಯ ಅಡುಗೆಮನೆಯ ಕಡೆ ನೋಡುತ್ತೇನೆ. ಆ ವರ್ಷ ಮುಗಿಯುವ ಮುಂಚೆ ಮಾದನಹಿಪ್ಪರಗಾದ ನಂಟರ ಮನೆಯಲ್ಲಿ ಒಬ್ಬ ಮುದುಕಿ ಬೀಸುವ ಕಲ್ಲಿನ ಮುಂದೆ ತೋಡಿ ರಾಗದಲ್ಲಿ ಹಾಡುತ್ತಿದ್ದಳು. ಯಾರದು ಎಂದೆ. ಗಾಬರಿಯಾಗಿ "ಯಾರದೋ ಹಳೇದು ಬೇ" ಎಂದಳು. ನಾನು ಎದ್ದು ಹೋಗಲಿಲ್ಲ. ಕೊನೆಗೆ ತನ್ನದೆಂದು ಒಪ್ಪಿದಳು. ಅದರ ಅಂತರಾವನ್ನು ಅಲ್ಲೇ ಕೂತು, ಹಿಟ್ಟು ಮುಗಿಯುವ ತನಕ ಕಲಿತೆ.

ಆ ಮುದುಕಿಯ ಹಾಡು ನನಗೆ ಪೂರ್ತಿ ಬರುತ್ತದೆ. ಅವ್ವನದು ಸ್ಥಾಯಿ ಮಾತ್ರ ಬರುತ್ತದೆ. ಅಂತರಾ ಇಲ್ಲ.