ಬೆಕ್ಕಿಗೆ ನನ್ನ ಬಿಡಿಸಿದ್ದು

ನಾ ಲಾರಿ ಡ್ರೈವರ್. ಮಾನ್ವಿ ರೈಸ್ ಮಿಲ್ಲಿನ ಅಕ್ಕಿ ಹೊಡಿತೀನಿ. ಲೋಡ್ ತಗೊಂಡು ಹೊಂಟ್ರ ನಾಕ ದಿನಾನೂ ಆಗಬಹುದು, ವಾರಾನೂ ಆಗಬಹುದು. ರಾಯಚೂರಾಗ ಒಂದು ಖೋಲಿ ಬಾಡಿಗಿ ಹಿಡದೀನಿ. ಖೋಲ್ಯಾಗ ನಾನು, ನನ್ನ ಬೆಕ್ಕು.

ಮರಿ ಇದ್ದಾಗ ಮಸರಕಲ್‌ದಾಗಿನ ನಮ್ಮಣ್ಣನ ಮನಿಯಿಂದ ತಂದಿದ್ದೆ. ನಾ ಮನ್ಯಾಗಿದ್ರ ಎದಿ ಮ್ಯಾಲ ಮಕ್ಕೊಂತಿತ್ತು. ಬ್ಯಾಗ್ ಹೆಗಲಿಗೆ ಹಾಕಿದ್ರ ಸಾಕು, ಬಾಗಲಾಗ ಕುಂತು ಕೂಸು ಅತ್ತಂಗ ಅಳ್ತಿತ್ತು. ಮೊದಲ ಹಸಿವು ಅಂತ ತಿಳದೆ. ದೊಡ್ಡ ಬೋಗಣಿ ತುಂಬ ಹಾಲು ಅನ್ನ ಕಲಿಸಿಟ್ಟು ಹೋದೆ. ನಮ್ಮ ಬಿಸಲಿಗೆ ಹಳಸಿ, ಇರವಿ ಮುತ್ತಿ, ನಾ ಬರೂದ್ರಾಗ ಖೋಲಿ ನಾರಾಕತ್ತಿತ್ತು. ಬೆಕ್ಕು ಮೂಸಿನೂ ನೋಡಿದ್ದಿಲ್ಲ.

ಕೆಳಗಿನ ಮನಿ ಮಾಲಕಿ ಗಂಡ ಲಕ್ವಾ ಹೊಡದು ಹಾಸಗಿ ಹಿಡದಾನ. ಬೆಕ್ಕು ಅತ್ತರ ಮನ್ಯಾಗ ಹೆಣ ಬೀಳತದ ಅಂತ ನಂಬಿದಾಕಿ ಆಕಿ. ನಾ ಲೋಡ್ ಮುಗಿಸಿ ಬಂದಾಗ ಮೆಟ್ಟಲಿಗೆ ಅಡ್ಡ ನಿಂತಿದ್ಳು.

"ಯಪ್ಪಾ, ನೀ ಇಲ್ದಾಗೆಲ್ಲಾ ಅದು ನನ್ನ ಗಂಡನ ಜೀವ ಕರಿಯಾಕತ್ತದ. ಇನ್ನೊಂದ ಸಲ ಅತ್ತರ ಗೋಣಿಚೀಲದಾಗ ಕಟ್ಟಿ, ದೇವದುರ್ಗದ ಕಡೆ ಹೋಗೋರ ಕೈಯಾಗ ಕೊಟ್ಟು ಹೊಳಿಗೆ ಒಗಸ್ತೀನಿ ನೋಡು."

ಹೇಳಿದಂಗ ಮಾಡೂ ಹೆಂಗಸು. ನನಗಿಂತ ಮೊದಲ ಇದ್ದವನ ಬೆಕ್ಕಿಗೆ ಹಂಗ ಮಾಡ್ಯಾಳ. ಮಸರಕಲ್‌ಗೆ ವಾಪಸ್ ಒಯ್ಯಬೇಕಂದ್ರ, ಅಲ್ಲಿ ಅಣ್ಣನ ನಾಯಿಗೋಳು ಇದರ ತಾಯೀನ್ನ ಹರದು ಹಾಕ್ಯಾವ.

ಅದು ಅಳೂದು ನನ್ನ ಸಲವಾಗಿ. ನಾ ಬ್ಯಾಡಾದ್ರ ಅಳಂಗಿಲ್ಲ.

ಮಿಲ್ಲಿನಿಂದ ನುಚ್ಚಕ್ಕಿ ತಂದು ಮಾಲಕಿಗೆ ಕೊಟ್ಟೆ. "ಯವ್ವಾ, ಇನ್ನ ಬೆಕ್ಕಿಗೆ ನೀವ ಕುದಿಸಿ ಹಾಕ್ರಿ. ನಾ ಊರಾಗಿದ್ರೂ ನೀವ."

"ನಾ ಏನ್ ಅದರ ಸೊಸಿನೇನೋ?"

"ಅತ್ತಿ ಅಂತ ತಿಳಕೋರಿ. ಬೈಕೋತ ಹಾಕ್ರಿ."

ನಕ್ಕಳು. ಮರುದಿನದಿಂದ ಬೈಕೋತನ ಹಾಕಿದ್ಳು.

ನನ್ನ ಕೆಲಸ ಬ್ಯಾರೆ. ಬೆಕ್ಕು ಕಾಲಿಗೆ ತಿಕ್ಕಾಕ ಬಂದ್ರ ಹಸಿ ಟಾವೆಲ್ಲಿಲೆ ಬಾರಸ್ತಿದ್ದೆ. ಮೊದಲ ಏಟಿಗೆ ಆಟ ಅಂತ ತಿಳದು ಟಾವೆಲ್ಲಿನ ತುದಿ ಹಿಡಿಯಾಕ ಬಂತು. ಇನ್ನೂ ಜೋರ ಹೊಡದೆ. ಮಂಚದ ಕೆಳಗ ಹೊಕ್ಕಿತು. ಮತ್ತ ಬಂತು. ಒಮ್ಮೆ ಏಟು ಕಣ್ಣಿಗೆ ಬಿದ್ದು, ಒಂದ ಕಣ್ಣು ಮುಚ್ಚಕೊಂಡು ತಿರಗ್ತಿತ್ತು. ಆ ಒಂದ ಕಣ್ಣಿಲೆ ನೋಡಕೋತನೂ ನನ್ನ ಹತ್ರನ ಬರ್ತಿತ್ತು.

ಕೆಳಗಿಂದ ಮಾಲಕಿ ಒದರಿದ್ಳು, "ಲೇ, ನಿನಗ ಕರುಳ ಅದಾವೋ ಇಲ್ಲೋ?"

"ಹೊಳಿಗೆ ಒಗಿಯಾಕಿ ನೀವು, ನನ್ನ ಕರುಳ ಕೇಳ್ತೀರೇನ್ರಿ?"

ಬಟ್ಟಲ ಬಡದು ಬೆಕ್ಕಿನ್ನ ಕೆಳಗ ಕರದ್ಳು.

ಹಿಂಗ ಮಾಡಕೋತ ಕಡೀಕ ಅದು ಕೆಳಗ ಮಕ್ಕೊಳಾಕ ಹತ್ತಿತು. ಆ ಹಾಸಗಿ ಹಿಡದ ಮನಷ್ಯಾನ ಕಾಲಾಗ. ಆಮ್ಯಾಲ ನಾ ಲೋಡಿಗೆ ಹೋಗಿ ಬಂದೆ. ಮಾಲಕಿ ಕಟ್ಟಿ ಮ್ಯಾಲ ಜ್ವಾಳ ಹಸನ ಮಾಡಾಕತ್ತಿದ್ಳು. ಬೆಕ್ಕು ಆಕಿ ಮಗ್ಗಲಾಗಿತ್ತು.

"ಒಮ್ಮೆನೂ ಅಳ್ಳಿಲ್ಲ ನೋಡು," ಅಂದ್ಳು. "ನಿನ್ನ ಮರತು ಬಿಟ್ಟದ."

"ಛಲೋ ಆತು ಬಿಡ್ರಿ."

ಮ್ಯಾಲ ಹೋಗಿ ಖೋಲಿ ತಗದೆ. ತಿರಗಿ ನೋಡಿದ್ರ ಬೆಕ್ಕು ನನ್ನ ಹಿಂದ ಮೆಟ್ಟಲ ಹತ್ತಿ ಬಂದಿತ್ತು. ಮರತಿದ್ದಿಲ್ಲ. ಹೊಸ್ತಲದಾಗ ಒಂದ ಕಾಲು ಎತ್ತಿಕೊಂಡು, ಒಳಗ ಇಡ್ಲೋ ಬ್ಯಾಡೋ ಅಂತ ನಿಂತಿತ್ತು. ಮರುದಿನ ಮತ್ತ ಲೋಡ್ ಇತ್ತು.

ಅದರ ಮಾರಿ ಮ್ಯಾಲ ಬಾಗಲ ಹಾಕಿದೆ. ಒಳಗ ನಿಂತು ಕಿವಿ ಕೊಟ್ಟೆ. ಅಳ್ಳಿಲ್ಲ. ಮೆಟ್ಟಲ ಇಳದು ಹೋತು.